ಗ್ರೋ ಲೈಟನ್ನು ಎಷ್ಟು ಎತ್ತರದಲ್ಲಿ ಕಟ್ಟಬೇಕು?

ಪ್ರಶ್ನೆ: ನಮ್ಮದು ಹಳೇ ದಾವಣಗೆರೆಯಲ್ಲಿ ನೆಲಮಹಡಿಯ ಮನೆ. ಮೂರು ಕಡೆಯೂ ಪಕ್ಕದವರ ಗೋಡೆಗಳಿರುವುದರಿಂದ ಒಳಗೆ ಬಿಸಿಲು ಬೀಳುವುದಿಲ್ಲ. ನಡುಮನೆಯ ಮೇಜಿನ ಮೇಲೆ ತುಳಸಿ, ದೊಡ್ಡಪತ್ರೆ, ಮನಿ ಪ್ಲಾಂಟ್ ಕುಂಡಗಳನ್ನಿಟ್ಟು, ಸೂರಿನ ಹೋಲ್ಡರಿಗೆ 20 ವ್ಯಾಟ್‌ನ ಎಲ್‌ಇಡಿ ಗ್ರೋ ಲೈಟ್ (ಬಿಸಿಲಿಲ್ಲದ ಕಡೆ ಗಿಡ ಬೆಳೆಸಲು ಬಳಸುವ ದೀಪ) ಬಲ್ಬ್ ಹಾಕಿದ್ದೆವು. ತುಳಸಿ ಕಡ್ಡಿಯಂತೆ ಉದ್ದವಾಗಿ ಕಿಟಕಿಯತ್ತ ವಾಲಿತು. ಬಲ್ಬನ್ನು ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ಇಳಿಸಿದಾಗ ತುದಿಯ ಎಲೆಗಳು ಬಿಳಿಚಿಕೊಂಡವು. ಸರಿಯಾದ ಎತ್ತರ ಎಷ್ಟು? ರಾತ್ರಿಯಿಡೀ ಉರಿಸಬಹುದೇ? ನೇರಳೆ ಬಣ್ಣದ ದೀಪವೇ ಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಬಲ್ಬಿನಲ್ಲಿ ದೋಷವಿರುವಂತೆ ಕಾಣುವುದಿಲ್ಲ, ಮೊದಲು ಅದು ತೀರಾ ದೂರದಲ್ಲಿತ್ತು, ಆಮೇಲೆ ತೀರಾ ಹತ್ತಿರಕ್ಕೆ ಬಂತು. ಬಲ್ಬಿನಂತಹ ಸಣ್ಣ ದೀಪದ ಬೆಳಕು ದೂರ ಎರಡರಷ್ಟಾದರೆ ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಅಡಿಯಲ್ಲಿ ಸಿಗುವ ಬೆಳಕಿನ ಸುಮಾರು 36ರಲ್ಲಿ ಒಂದು ಪಾಲು ಮಾತ್ರ ಆರು ಅಡಿ ಕೆಳಗಿನ ಎಲೆಗೆ ತಲುಪುತ್ತದೆ. ಕೋಣೆ ನಮ್ಮ ಕಣ್ಣಿಗೆ ಬೆಳಗಿದಂತೆ ಕಂಡರೂ ಗಿಡಕ್ಕೆ ಅದು ಮಬ್ಬುಗತ್ತಲೆಯೇ. ಆದ್ದರಿಂದಲೇ ತುಳಸಿಯ ಗೆಣ್ಣುಗಳ ನಡುವಿನ ಅಂತರ ಹಿಗ್ಗಿ, ಸಿಕ್ಕಷ್ಟು ಬೆಳಕಿದ್ದ ಕಿಟಕಿಯ ಕಡೆಗೆ ಅದು ಬಾಗಿತು.

ತುಳಸಿಯ ತುದಿಯೆಲೆಯಿಂದ ಬಲ್ಬಿಗೆ 25ರಿಂದ 30 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರವಿರಲಿ. ಈ ಅಳತೆಯನ್ನು ಕುಂಡದ ಬಾಯಿಂದ ಹಿಡಿಯಬಾರದು, ಎಲೆಯ ತುದಿಯಿಂದಲೇ ಹಿಡಿಯಬೇಕು. ಗಿಡ ಏರಿದಂತೆಲ್ಲ ದೀಪವನ್ನೂ ಏರಿಸಬೇಕು. ಅದಕ್ಕಾಗಿ ಕೊಕ್ಕೆಯಿರುವ ಸರಪಳಿಯಲ್ಲಿ ತೂಗುಹಾಕುವುದು ಒಳ್ಳೆಯದು. ಬಲ್ಬಿನ ಭಾರವನ್ನು ಬರೀ ವೈರಿನ ಮೇಲೆ ಬಿಡಬೇಡಿ. ಎಲೆಯ ಮಟ್ಟದಲ್ಲಿ ಅಂಗೈಯನ್ನು ಕೆಳಮುಖವಾಗಿ ಅರ್ಧ ನಿಮಿಷ ಹಿಡಿದು ನೋಡಿ. ಕೈಯ ಹಿಂಬದಿಗೆ ಬಿಸಿ ತಾಗಿದರೆ ದೀಪ ಇನ್ನೂ ಮೇಲೇರಬೇಕು. ಆದರೆ ಎಲ್‌ಇಡಿ ಬಿಸಿ ತಾಗಿಸದೆಯೂ ಬರೀ ಬೆಳಕಿನಿಂದ ಎಲೆಯನ್ನು ಬಿಳಿಚಿಸಬಲ್ಲದು, ಹಾಗಾಗಿ ಕೈಯ ಪರೀಕ್ಷೆಯೊಂದನ್ನೇ ನಂಬಿ ಕೂರುವಂತಿಲ್ಲ.

ಮೂರು ಗಿಡಗಳ ಅಗತ್ಯವೂ ಒಂದೇ ಅಲ್ಲ. ತುಳಸಿ ಬಲ್ಬಿನ ನೇರ ಕೆಳಗಿರಲಿ, ದೊಡ್ಡಪತ್ರೆ ಅದರ ಮಗ್ಗುಲಲ್ಲಿರಲಿ. ಮಬ್ಬನ್ನು ತಾಳಿಕೊಳ್ಳುವ ಮನಿ ಪ್ಲಾಂಟ್ ಒಂದು ಮೊಳ ದೂರದ ಅಂಚಿನಲ್ಲಿದ್ದರೂ ನಡೆಯುತ್ತದೆ. ಕುಳ್ಳಗಿರುವ ದೊಡ್ಡಪತ್ರೆಯ ಕೆಳಗೆ ಮಣೆಯನ್ನೋ ಇಟ್ಟಿಗೆಯನ್ನೋ ಇಟ್ಟರೆ ಎರಡರ ತಲೆಯೂ ಸಮನಾಗುತ್ತದೆ. ಬದಿಯ ಗಿಡಗಳು ನಡುವಿನ ಬೆಳಕಿನತ್ತ ವಾಲುವುದರಿಂದ ಕುಂಡಗಳನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ.

ರಾತ್ರಿಯಿಡೀ ಉರಿಸಬೇಡಿ, ಗಿಡಕ್ಕೂ ಕತ್ತಲೆ ಬೇಕು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಟೈಮರ್ ಇಟ್ಟರೆ ಸಾಕು, ತಿಂಗಳಿಗೆ ಏಳು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ನೇರಳೆ ದೀಪ ಅನಿವಾರ್ಯವಲ್ಲ. ಬಿಳಿ ಎಲ್‌ಇಡಿಯಲ್ಲಿಯೂ ಗಿಡಕ್ಕೆ ಬೇಕಾದ ನೀಲಿ ಮತ್ತು ಕೆಂಪು ಬೆಳಕು ಇರುತ್ತದೆ. ಮೇಲಾಗಿ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ಹುಳ ಹತ್ತಿದ್ದೂ ಕಣ್ಣಿಗೆ ಬೀಳುವುದಿಲ್ಲ.

ಈಗಾಗಲೇ ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ, ಬಿಳಿಚಿದ ಎಲೆಯೂ ಸಾಮಾನ್ಯವಾಗಿ ಹಸಿರಿಗೆ ಮರಳುವುದಿಲ್ಲ. ಹಸಿರೆಲೆಯಿರುವ ಗೆಣ್ಣೊಂದರ ಮೇಲಕ್ಕೆ ಕುಡಿಯನ್ನು ಚಿವುಟಿ, ಅಲ್ಲಿಂದ ಒಡೆಯುವ ಹೊಸ ಚಿಗುರನ್ನು ಗಮನಿಸಿ. ಗೆಣ್ಣುಗಳು ಒತ್ತೊತ್ತಾಗಿ ಬಂದರೆ ಎತ್ತರ ಸರಿಯಾಗಿದೆ. ಮತ್ತೆ ದೂರವಾದರೆ ದೀಪವನ್ನು ಎರಡು ಬೆರಳಿನಷ್ಟು ಇಳಿಸಿ ಇನ್ನೊಂದು ವಾರ ನೋಡಿ.