ರಾತ್ರಿ ಬೀದಿಯಲ್ಲಿ ಕೂತು ಬರೆದ ಚಿತ್ರದ ಬಣ್ಣ ಬೆಳಿಗ್ಗೆ ಬೇರೆಯೇ ಕಾಣುವುದೇಕೆ?

ಬಣ್ಣ ಕಲಸುವಾಗ ಪ್ಯಾಲೆಟ್ ಮೇಲೆ ಬಿದ್ದ ಬೆಳಕೇ ಕಾರಣ. ಹಳೆಯ ಸೋಡಿಯಂ ಬೀದಿದೀಪದಲ್ಲಿ ಹಳದಿ, ಕಿತ್ತಳೆ ಬೆಳಕೇ ಜಾಸ್ತಿ. ನೀಲಿ ತೀರಾ ಕಡಿಮೆ. ನೀಲಿ ಬೆಳಕೇ ಬೀಳದಿದ್ದರೆ ನೀಲಿ ಬಣ್ಣ ಏನನ್ನು ತಾನೇ ವಾಪಸ್ ಕಳಿಸೀತು? ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಕಪ್ಪಾಗಿ ಕಾಣುತ್ತದೆ. ಬಿಳಿಗೂ ತಿಳಿಹಳದಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಹಾಗಾಗಿ ಕ್ಯಾನ್ವಾಸಿಗೂ ಪ್ಯಾಲೆಟ್ಟಿಗೂ ಸಮವಾಗಿ ಬೀಳುವಂತೆ ಒಂದು ಸಣ್ಣ ಬಿಳಿ ಎಲ್‌ಇಡಿ ಕ್ಲಿಪ್ ದೀಪ ಸಿಕ್ಕಿಸಿಕೊಳ್ಳಿ. ಮಂದವಾಗಿರಲಿ. ತೀರಾ ಜೋರಾಗಿದ್ದರೆ ಅಲ್ಲಿ ಚೆನ್ನಾಗಿ ಕಂಡ ಚಿತ್ರ ಮನೆಯಲ್ಲಿ ಬರೀ ಕತ್ತಲು! ಯಾವ ಬಣ್ಣ ಎಲ್ಲಿದೆ ಅಂತ ಕೈಗೇ ಗೊತ್ತಿರಬೇಕು, ಪ್ಯಾಲೆಟ್ಟಿನಲ್ಲಿ ಜಾಗ ಬದಲಿಸಬೇಡಿ.

ಬೆಂಗಳೂರಿನ ಚಿತ್ರಸಂತೆಯಂಥ ಕಡೆ ಊರಿನ ಕಲಾವಿದರ ಜೊತೆ ಚಿತ್ರವನ್ನು ಬಯಲಲ್ಲಿಡುವುದಾದರೆ, ಮೊದಲು ಹಗಲಲ್ಲಿ ನೋಡಿ ನೆರಳುಗಳನ್ನು ತಿದ್ದಿಕೊಳ್ಳಿ. ಅಲ್ಲಿ ಜನ ನೋಡುವುದು ಬಿಸಿಲಲ್ಲೇ ಅಲ್ವಾ?