ಕ್ಯಾನ್ಸರನ್ನು ಕೊಂದದ್ದು ಯಾರು?

ನಮಸ್ಕಾರ. ಮಲ್ಟಿಪಲ್ ಮೈಲೋಮಾಗೆ, ಅಂದರೆ ಮೂಳೆಮಜ್ಜೆಯಲ್ಲಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರಿಗೆ, ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಕಸಿ ಮಾಡಿಸಿಕೊಂಡ ನಿಮ್ಮ ದೊಡ್ಡಪ್ಪನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಆಸ್ಪತ್ರೆಯ ರಾತ್ರಿಗಳು ಕಣ್ಣಿಗೆ ಕಟ್ಟುತ್ತವೆ. ಹೊಗಳಿಕೆ ಇಷ್ಟು ಸಾಕು. ಮೂರನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು.

'ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು' ಅಂತ ಶುರು ಮಾಡಿದ್ದೀರಿ. ಯಾವ ಥಿಯೇಟರು? ಈ ಕಸಿಯಲ್ಲಿ ಕೊಯ್ಯುವುದೂ ಇಲ್ಲ, ಹೊಲಿಯುವುದೂ ಇಲ್ಲ. ರಕ್ತ ಏರಿಸಿದ ಹಾಗೆ ಮಂಚದ ಮೇಲೆ ಮಲಗಿದ್ದಾಗಲೇ ಕೋಶಗಳನ್ನು ಏರಿಸುತ್ತಾರೆ.

ಮುಂದಿನ ಸಾಲು: 'ಹೊಸ ಜೀವಕೋಶಗಳು ಸೈನಿಕರಂತೆ ನುಗ್ಗಿ ಕ್ಯಾನ್ಸರನ್ನು ಕೊಂದವು.' ಹೊಸವು ಎಲ್ಲಿಂದ ಬಂದವು? ಅವು ದೊಡ್ಡಪ್ಪನವೇ ಅಲ್ವಾ? ಇಂಜೆಕ್ಷನ್ ಕೊಟ್ಟು ಮೂಳೆಮಜ್ಜೆಯಿಂದ ರಕ್ತಕ್ಕೆ ಇಳಿಸಿ, ಯಂತ್ರದಲ್ಲಿ ಬೇರೆ ಮಾಡಿ, ಫ್ರೀಜ್ ಮಾಡಿಟ್ಟರು ಎಂದು ಎರಡನೇ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ. ಅವು ಯಾರನ್ನೂ ಕೊಲ್ಲಲಿಲ್ಲ. ಕೊಂದದ್ದು ಮೆಲ್ಫಲಾನ್ ಎಂಬ ಕೀಮೋ ಔಷಧಿ. ಮೈಯ ಹೊರಮೈ ಅಳತೆಯ ಪ್ರತಿ ಚದರ ಮೀಟರಿಗೆ ಸಾಮಾನ್ಯವಾಗಿ 200 ಮಿಲಿಗ್ರಾಂ, ಜಾಸ್ತಿ ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ 140. ಆ ಡೋಸಿಗೆ ಮೈಲೋಮಾ ಜೊತೆ ಮಜ್ಜೆಯೂ ನೆಲಕಚ್ಚುತ್ತದೆ. ರಕ್ತ ಮತ್ತೆ ಹುಟ್ಟಲಿ ಅಂತಲೇ ಕೋಶಗಳನ್ನು ವಾಪಸ್ ಕೊಡುವುದು. ಅವು ಬೇರೂರಲು ಸುಮಾರು 10ರಿಂದ 14 ದಿನ ಬೇಕು. ನೀವು ಅಷ್ಟು ಚೆನ್ನಾಗಿ ಬರೆದ ಆ ಭಯದ ರಾತ್ರಿಗಳು ಇವೇ.

ಇಂಥ ಔಷಧಿಗೆ ನೀವು ಕೊಟ್ಟ ಜಾಗ ಅರ್ಧ ಸಾಲು: 'ಏನೋ ಡ್ರಿಪ್ ಹಾಕಿ, ಐಸ್ ಚೀಪಲು ಕೊಟ್ಟರು.' ಐಸ್ ಸುಮ್ನೆ ಕೊಡಲಿಲ್ಲ. ತಣ್ಣಗಾದರೆ ಬಾಯಿಯ ರಕ್ತನಾಳ ಕುಗ್ಗುತ್ತವೆ, ಮೆಲ್ಫಲಾನ್ ಅಲ್ಲಿಗೆ ಕಡಿಮೆ ತಲುಪುತ್ತದೆ, ಹುಣ್ಣು ಕಡಿಮೆಯಾಗುತ್ತದೆ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು 'ಇದನ್ನ ಮಾಡಿದ್ದು ಯಾರಪ್ಪಾ?' ಎನ್ನುತ್ತಿದ್ದರು. ಮಳೆ ಸುದ್ದಿಯನ್ನೂ ಬಿಡುತ್ತಿರಲಿಲ್ಲ. ನಾವು ಹುಡುಗರು ಅವರು ಬರುವುದು ಕಂಡರೆ ಟೀ ಕುಡಿಯುವ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆವು. ಅವರ ಚಾಳಿ ಈಗ ನನಗೂ ಅಂಟಿಕೊಂಡಿದೆ, ಏನು ಮಾಡಲಿ!

ಇನ್ನು ಕೊನೆಯ ಸಾಲು, 'ಅಂದಿನಿಂದ ದೊಡ್ಡಪ್ಪ ಸಂಪೂರ್ಣ ಗುಣ.' ಹಾಗಿದ್ದರೆ ರೋಗ ಬೇಗ ಮರಳದಿರಲಿ ಅಂತ ಅವರು ರಾತ್ರಿ ನುಂಗುವ ಲೆನಾಲಿಡೊಮೈಡ್ ಮಾತ್ರೆ ಯಾಕೆ? ಕಸಿ ಸಾಮಾನ್ಯವಾಗಿ ರೋಗ ಮರಳುವುದನ್ನು ಮುಂದೂಡುತ್ತದೆ. 2022ರ ಡಿಟರ್ಮಿನೇಷನ್ ಅಧ್ಯಯನದಲ್ಲಿ ರೋಗ ಮತ್ತೆ ಹೆಚ್ಚದೆ ಕಳೆದ ಕಾಲ, ಮೊದಲೇ ಕಸಿ ಮಾಡಿಸಿಕೊಂಡವರ ಗುಂಪಿನಲ್ಲಿ ಮಧ್ಯಮ ಲೆಕ್ಕಕ್ಕೆ 67.5 ತಿಂಗಳು, ಮೊದಲಿಗೆ ಔಷಧಿಯಷ್ಟೇ ಪಡೆದವರಲ್ಲಿ 46.2. ಬದುಕಿ ಉಳಿದವರ ಲೆಕ್ಕದಲ್ಲಿ ಅಷ್ಟರೊಳಗೆ ವ್ಯತ್ಯಾಸ ಕಾಣಲಿಲ್ಲ. ನಾಳೆ ಕಸಿಗೆ ಹೊರಟವರು ನಿಮ್ಮ ಲೇಖನ ಓದುತ್ತಾರೆ. ಅವರಿಗೆ ಸುಳ್ಳು ಭರವಸೆ ಕೊಡಬೇಡಿ.

ಮೂರನೇ ಪ್ಯಾರಾ, ಕೊನೆಯ ಸಾಲು ತಿದ್ದಿ ಕಳಿಸಿ. ಉಳಿದದ್ದನ್ನು ಮುಟ್ಟಬೇಡಿ. ಹಾಂ, ಆ ಐಸ್ ಎಷ್ಟು ಹೊತ್ತು ಚೀಪಿಸಿದರು ಅಂತ ದೊಡ್ಡಪ್ಪನನ್ನೇ ಕೇಳಿ ಬರೆಯಿರಿ.