ಹೊಸ ಉಪ್ಪುನೀರಿನ ತೊಟ್ಟಿಯಲ್ಲಿ ಪರೀಕ್ಷೆಗಳೆಲ್ಲ ಸರಿಯಿದ್ದರೂ ಮೀನುಗಳು ಒಂದೊಂದಾಗಿ ಸಾಯುತ್ತಿರುವುದೇಕೆ?

ನೀವು ಕೊಟ್ಟಿರುವ ವಿವರಗಳು ಹೀಗಿವೆ: ಮೈಸೂರಿನ ಕುವೆಂಪುನಗರದ ಮನೆಯಲ್ಲಿ 180 ಲೀಟರಿನ ಉಪ್ಪುನೀರಿನ ತೊಟ್ಟಿಯನ್ನು ಸಿದ್ಧಪಡಿಸಿ, ಆರು ವಾರ ಕಾದು, ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಎರಡು ಕ್ಲೌನ್ ಮೀನುಗಳನ್ನೂ ಮೂರು ಹಸಿರು ಕ್ರೋಮಿಸ್‌ಗಳನ್ನೂ ಬಿಟ್ಟಿದ್ದೀರಿ. ನಾಲ್ಕನೆಯ ದಿನ ಒಂದು ಕ್ರೋಮಿಸ್ ಸತ್ತಿತು, ಏಳನೆಯ ದಿನದೊಳಗೆ ಐದೂ ಹೋದವು. ಮೈಮೇಲೆ ಗಾಯವಾಗಲಿ ಚುಕ್ಕೆಯಾಗಲಿ ಇರಲಿಲ್ಲ. ಸಾಯುವ ಮೊದಲು ಅವು ಮೇವು ಬಿಟ್ಟು, ವೇಗವಾಗಿ ಉಸಿರಾಡುತ್ತ, ಪಂಪಿನ ನೀರು ರಭಸದಿಂದ ಬರುವ ಜಾಗದಲ್ಲಿಯೇ ನಿಂತಿರುತ್ತಿದ್ದವು. ಅದೇ ತೊಟ್ಟಿಯಲ್ಲಿರುವ ಸೀಗಡಿ, ಹರ್ಮಿಟ್ ಏಡಿ ಮತ್ತು ಬಸವನಹುಳುಗಳು ಮಾತ್ರ ಚೆನ್ನಾಗಿಯೇ ಇವೆ. ಅಂಗಡಿಯವರು ನೀರು ಸರಿಯಿಲ್ಲವೆನ್ನುತ್ತಿದ್ದಾರೆ, ಎಲ್ಲವನ್ನೂ ಖಾಲಿ ಮಾಡಿ ಮತ್ತೆ ಮೊದಲಿನಿಂದ ಕಟ್ಟಬೇಕೆ ಎಂದು ನೀವು ಕೇಳುತ್ತಿದ್ದೀರಿ.

ದಯವಿಟ್ಟು ಖಾಲಿ ಮಾಡಬೇಡಿ. ನೀವು ಬರೆದಿರುವುದನ್ನೆಲ್ಲ ಜೋಡಿಸಿ ನೋಡಿದರೆ ನೀರಿನ ದೋಷಕ್ಕಿಂತ ಮೀನುಗಳ ಜೊತೆಯಲ್ಲಿಯೇ ಬಂದ ಒಂದು ಪರೋಪಜೀವಿಯ ಕಡೆಗೆ, ಹವ್ಯಾಸಿಗಳು ವೆಲ್ವೆಟ್ ಎಂದು ಕರೆಯುವ ರೋಗದ ಕಡೆಗೆ, ನನ್ನ ಅನುಮಾನ ಬಲವಾಗಿ ಹೋಗುತ್ತದೆ. ಕಿವಿರನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಇದನ್ನು ಖಚಿತವೆನ್ನಲಾಗದು. ಆದರೆ ಈ ಅನುಮಾನಕ್ಕೆ ಬಂದ ದಾರಿಯನ್ನು ವಿವರಿಸುವುದು ಅಗತ್ಯ, ಏಕೆಂದರೆ ಇಂತಹ ಸಾವುಗಳಲ್ಲಿ ಪರೀಕ್ಷಾ ಕಿಟ್ಟಿನ ಬಣ್ಣಕ್ಕಿಂತ ಯಾವ ಜೀವಿ, ಯಾವ ದಿನ, ಯಾವ ಕ್ರಮದಲ್ಲಿ ಸತ್ತಿತು ಎಂಬುದೇ ಹೆಚ್ಚು ಹೇಳುತ್ತದೆ.

ಮೊದಲ ಸಾಕ್ಷಿ ನಿಮ್ಮ ಸೀಗಡಿ. ತಾಮ್ರದ ಅಂಶವಾಗಲಿ ಕೀಟನಾಶಕವಾಗಲಿ ನೀರಿಗೆ ಸೇರಿದ್ದರೆ ಸೀಗಡಿಯೇ ಮೊದಲು ಸಾಯಬೇಕಾಗಿತ್ತು. ಮೀನುಗಳ ಚಿಕಿತ್ಸೆಗೆಂದು ಬಳಸುವ ಪ್ರಮಾಣದ ತಾಮ್ರವೇ ಸೀಗಡಿ ಮತ್ತು ಬಸವನಹುಳುಗಳನ್ನು ಕೊಲ್ಲಲು ಸಾಕು. ಅವು ಬದುಕಿ, ಮೀನುಗಳು ಮಾತ್ರ ಸತ್ತಿವೆ ಎಂದರೆ ಮೀನುಗಳನ್ನಷ್ಟೇ ಹಿಡಿಯುವ ಕಾರಣವನ್ನು ಹುಡುಕಬೇಕು.

ಎರಡನೆಯದು ಸಾವಿನ ಅಂತರ. ಆಮ್ಲಜನಕದ ಕೊರತೆಯಾದರೆ ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ, ದೊಡ್ಡ ಮೀನುಗಳಿಂದ ಆರಂಭವಾಗಿ, ಬಹುಪಾಲು ಮೀನುಗಳು ಒಟ್ಟಿಗೆ ಹೋಗುತ್ತವೆ. ಅಮೋನಿಯಾ ಏರಿದ್ದರೆ ಬಿಟ್ಟ ಒಂದೆರಡು ದಿನಗಳಲ್ಲಿಯೇ ತೊಂದರೆ ಕಾಣುತ್ತದೆ, ಮತ್ತು ಅದು ಕಿಟ್ಟಿನಲ್ಲಿ ಗೊತ್ತಾಗುತ್ತದೆ. ನಾಲ್ಕು ದಿನ ಸುಮ್ಮನಿದ್ದು ಅನಂತರ ಒಂದರ ಹಿಂದೆ ಒಂದು ಬೀಳುವುದು ಸಂಖ್ಯೆಯಲ್ಲಿ ಬೆಳೆಯುತ್ತಿರುವ ಜೀವಿಯೊಂದರ ಲಕ್ಷಣ. ವೆಲ್ವೆಟ್‌ಗೆ ಕಾರಣವಾದ ಅಮಿಲೋಡಿನಿಯಂ ಎಂಬ ಏಕಕೋಶಜೀವಿ ಮೊದಲು ಕಿವಿರಿನ ಮೇಲೆ ಕುಳಿತು ಕೆಲವು ದಿನ ಆಹಾರ ಹೀರುತ್ತದೆ, ಬಳಿಕ ಕಳಚಿ ತಳಕ್ಕೆ ಬಿದ್ದು ಕೋಶ ಕಟ್ಟಿಕೊಂಡು ವಿಭಜನೆಯಾಗುತ್ತದೆ, ಮತ್ತು ಅಂತಹ ಒಂದು ಕೋಶದಿಂದ 256ರವರೆಗೆ ಈಜುವ ಮರಿಗಳು ಹೊರಬಂದು ಹೊಸ ಮೀನನ್ನು ಹುಡುಕುತ್ತವೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಸುತ್ತು ಒಂದು ವಾರದ ಒಳಗೇ ಮುಗಿಯಬಹುದು. ಸಮುದ್ರದಲ್ಲಿ ಆ ಮರಿಗಳಲ್ಲಿ ಬಹುಪಾಲು ಮೀನು ಸಿಗದೆ ಸಾಯುತ್ತವೆ. ಗಾಜಿನ ತೊಟ್ಟಿಯಲ್ಲಾದರೋ ಮೀನು ಎಲ್ಲಿಗೂ ಹೋಗುವಂತಿಲ್ಲ.

ಮೂರನೆಯದು ಉಸಿರಾಟ. ವೆಲ್ವೆಟ್ ಮೊದಲು ಕಿವಿರನ್ನೇ ಹಿಡಿಯುವುದರಿಂದ ಮೈಮೇಲೆ ಏನೂ ಕಾಣಿಸದೆಯೂ ಮೀನು ಉಸಿರುಗಟ್ಟಿ ಸಾಯಬಹುದು. ನಿಮಗೆ ಚುಕ್ಕೆಗಳು ಕಾಣಲಿಲ್ಲವೆಂಬುದು ಆದ್ದರಿಂದ ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ರೋಗ ಮುಂದುವರಿದಾಗ, ಕತ್ತಲೆಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ಮೈಮೇಲೆ ಅರಿಶಿನದ ಹುಡಿಯನ್ನು ತೆಳುವಾಗಿ ಉದುರಿಸಿದಂತೆ ಕಾಣುವುದುಂಟು. ಎಣಿಸಬಹುದಾದಷ್ಟು ದಪ್ಪ ಬಿಳಿ ಚುಕ್ಕೆಗಳಿದ್ದರೆ ಅದು ಕ್ರಿಪ್ಟೋಕ್ಯಾರಿಯಾನ್ ಎಂಬ ಬೇರೆ ರೋಗ, ಸಾಮಾನ್ಯವಾಗಿ ಇಷ್ಟು ಬೇಗ ಕೊಲ್ಲುವುದಿಲ್ಲ. ಕ್ಲೌನ್ ಮೀನುಗಳ ಮೈಯಿಂದ ದಪ್ಪ ಲೋಳೆ ಪದರವಾಗಿ ಸುಲಿದಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದು ಪರೋಪಜೀವಿಯನ್ನು ಅನುಮಾನಿಸಬೇಕು. ಅದಕ್ಕೆ ತಾಮ್ರ ಕೆಲಸ ಮಾಡುವುದಿಲ್ಲ, ಫಾರ್ಮಲಿನ್ ಬೇಕಾಗುತ್ತದೆ.

ರೋಗದ ಲಕ್ಷಣವನ್ನೇ ಅನುಕರಿಸುವ ಇನ್ನೊಂದು ಕಾರಣವಿದೆ, ಅದನ್ನು ನೀವು ಈಗಲೇ ಪರಿಶೀಲಿಸಬಹುದು. ಮೀನು ಮಾರುವ ಅನೇಕ ಕಡೆ ಉಪ್ಪಿನ ಖರ್ಚು ಉಳಿಸಲೂ ಪರೋಪಜೀವಿಗಳನ್ನು ತಗ್ಗಿಸಲೂ ನೀರಿನ ಸಾಪೇಕ್ಷ ಸಾಂದ್ರತೆಯನ್ನು (ಶುದ್ಧ ನೀರಿಗೆ ಹೋಲಿಸಿದ ಭಾರ, ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ) 1.018ರಿಂದ 1.020ರಷ್ಟು ಕೆಳಗೇ ಇಟ್ಟಿರುತ್ತಾರೆ. ನಿಮ್ಮ ತೊಟ್ಟಿ 1.026ರಲ್ಲಿದ್ದು, ಮೀನುಗಳನ್ನು ಗಂಟೆಯೊಳಗೆ ಅದಕ್ಕೆ ಬಿಟ್ಟಿದ್ದರೆ, ದೇಹದಿಂದ ನೀರು ಹೊರಹೋಗಿ ಮೀನು ಎರಡು ಮೂರು ದಿನ ತಡೆದು ಅನಂತರ ಕುಸಿಯಬಹುದು. ಉಪ್ಪಿನಂಶ ಇಳಿಯುವುದನ್ನು ಮೀನು ತಡೆದುಕೊಳ್ಳುತ್ತದೆ, ಏರುವುದನ್ನು ತಡೆಯುವುದು ಕಷ್ಟ. ಇದನ್ನು ಅಳೆಯಲು ತೂಗುಮುಳ್ಳಿನ ಅಗ್ಗದ ಹೈಡ್ರೋಮೀಟರನ್ನು ನಂಬಬೇಡಿ, ಒಂದು ಗಾಳಿಗುಳ್ಳೆ ಅಂಟಿದರೂ ಮುಳ್ಳು ತಪ್ಪು ತೋರಿಸುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ತರುವುದರ ಬದಲು, ಸಾವಿರಕ್ಕೆ 35 ಭಾಗ ಉಪ್ಪಿನಂಶದ ಮಾದರಿ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ. ಅದು 25 ಡಿಗ್ರಿಯಲ್ಲಿ ಸುಮಾರು 1.026 ತೋರಿಸಬೇಕು. ಮುಂದಿನ ಸಲ ಮೀನು ತರುವಾಗ ಮಾಪಕವನ್ನು ಅಂಗಡಿಗೇ ಒಯ್ದು ಅವರ ನೀರನ್ನು ಅಳೆಯಿರಿ. ಬೇಸರಿಸುವ ಅಂಗಡಿಯಿಂದ ಕೊಳ್ಳುವ ಅಗತ್ಯವಿಲ್ಲ.

ಚೀಲದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಮೈಸೂರಿಗೆ ಬರುವ ಸಮುದ್ರದ ಮೀನು ಬೆಂಗಳೂರಿನಿಂದಲೋ ಚೆನ್ನೈನ ಕೊಳತ್ತೂರಿನಿಂದಲೋ ಬಹಳ ಹೊತ್ತು ಚೀಲದಲ್ಲಿ ಪ್ರಯಾಣ ಮಾಡಿರಬಹುದು. ಮುಚ್ಚಿದ ಚೀಲದಲ್ಲಿ ಮೀನು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ ಅನ್ನು ಇಳಿಸುತ್ತದೆ, ಆದ್ದರಿಂದ ಅಲ್ಲಿ ಸೇರಿದ ಅಮೋನಿಯಾದ ಬಹುಪಾಲು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿ ಗಾಳಿ ತಾಗಿದೊಡನೆ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಆಗ ಗಂಟೆಗಟ್ಟಲೆ ಹನಿಹನಿಯಾಗಿ ತೊಟ್ಟಿಯ ನೀರು ಬಿಡುತ್ತ ಕೂರುವುದು ಮೀನನ್ನು ಕಾಪಾಡುವುದಿಲ್ಲ, ಅದರ ಕಿವಿರನ್ನು ಸುಡುತ್ತದೆ. ಬಹಳ ಹೊತ್ತು ಮುಚ್ಚಿದ್ದ ಚೀಲವಾದರೆ, ಹೊಸ ಮೀನುಗಳನ್ನು ಮೊದಲು ಇಡುವ ಪ್ರತ್ಯೇಕ ತೊಟ್ಟಿಯ (ಇದರ ವಿವರ ಕೆಳಗಿದೆ) ಉಪ್ಪಿನಂಶವನ್ನು ಮೊದಲೇ ಚೀಲದ ನೀರಿಗೆ ಸಮನಾಗಿ ಮಾಡಿಟ್ಟು, ಉಷ್ಣತೆ ಸಮವಾದೊಡನೆ ಮೀನನ್ನು ಬಿಟ್ಟುಬಿಡಬೇಕು. ಅನಂತರ ಉಪ್ಪಿನಂಶವನ್ನು ಕೆಲವು ದಿನಗಳ ಅವಧಿಯಲ್ಲಿ ನಿಧಾನವಾಗಿ ಏರಿಸಬೇಕು.

ನಿಮ್ಮ ನೀರಿನಲ್ಲಿಯೂ ಒಂದೆರಡನ್ನು ತಿದ್ದಿಕೊಳ್ಳುವುದು ಒಳ್ಳೆಯದು. ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ಬಳಸುತ್ತಿರುವುದಾಗಿ ಬರೆದಿದ್ದೀರಿ. ಅಂತಹ ಅನೇಕ ಯಂತ್ರಗಳು ಕುಡಿಯುವ ರುಚಿಗಾಗಿ ಕಚ್ಚಾ ನೀರನ್ನು ಸ್ವಲ್ಪ ಮತ್ತೆ ಬೆರೆಸುತ್ತವೆ, ಕೆಲವು ಆರೋಗ್ಯಕ್ಕೆಂದು ತಾಮ್ರವನ್ನೇ ಸೇರಿಸುತ್ತವೆ. ನಿಮ್ಮ ಸೀಗಡಿ ಬದುಕಿರುವುದರಿಂದ ಈ ಸಾವುಗಳಿಗೆ ಅದು ಕಾರಣವಲ್ಲ, ಆದರೂ ಮುಂದೆ ಹವಳದ ಆಸೆಯಿದ್ದರೆ ಅದು ಅಡ್ಡಿಯಾಗುತ್ತದೆ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಸಂಪಿನಲ್ಲಿ ಕೊಳವೆಬಾವಿ ನೀರೂ ಬೆರೆಯುವ ಮನೆಗಳಲ್ಲಿ ಗಡಸುತನ ವಾರದಿಂದ ವಾರಕ್ಕೆ ಬದಲಾಗುತ್ತದೆ. ಇಂಗಾಲದ ಶೋಧಕ, ಆರ್‌ಒ ಪೊರೆ, ಕೊನೆಯಲ್ಲಿ ಅಯಾನು ತೆಗೆಯುವ ರಾಳ, ಈ ಮೂರೂ ಇರುವ ಸಾಧನದಿಂದ ಟಿಡಿಎಸ್ (ಕರಗಿರುವ ಲವಣಗಳ ಒಟ್ಟು ಪ್ರಮಾಣ) ಸೊನ್ನೆ ತೋರಿಸುವ ನೀರನ್ನು ಪಡೆದು, ಅದಕ್ಕೆ ಸಮುದ್ರದ ಉಪ್ಪಿನ ಮಿಶ್ರಣವನ್ನು ಬೇರೆ ಪಾತ್ರೆಯಲ್ಲಿ ಕಲಸಿ, ಒಂದು ದಿನ ಪಂಪು ಹಾಕಿ ಬಿಟ್ಟು ಬಳಸಬೇಕು. ಆ ಪಾತ್ರೆ ಪ್ಲಾಸ್ಟಿಕ್ಕಿನದಾಗಿರಲಿ. ಹಿತ್ತಲಿನ ತಾಮ್ರದ ಹಂಡೆ ಇದಕ್ಕೆ ಸಲ್ಲದು. ಕಲ್ಲುಪ್ಪು ಸಮುದ್ರದ್ದೇ ಆದರೂ ಅದರಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬಹುಪಾಲು ಹೋಗಿರುವುದರಿಂದ ಅದೂ ಸಲ್ಲದು. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುವುದರಿಂದ ದಿನನಿತ್ಯ ತುಂಬಿಸಬೇಕಾದದ್ದು ಸಿಹಿನೀರನ್ನು.

ಮನೆಯ ಗಾಳಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆನಿವಾರಕ ದ್ರಾವಣ ಮತ್ತು ಜಿರಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳು ಮೀನಿಗೂ ಸೀಗಡಿಗೂ ಅತ್ಯಂತ ವಿಷಕಾರಿ, ಮತ್ತು ಗಾಳಿಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಇವನ್ನು ನಿಲ್ಲಿಸಿ, ಕಿಟಕಿಗೆ ಜಾಲರಿ ಹಾಕಿಸಿ. ಸಮುದ್ರದ ನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿಯುತ್ತದೆ, 25 ಡಿಗ್ರಿಯಲ್ಲಿ ಲೀಟರಿಗೆ ಸಿಹಿನೀರಿನಲ್ಲಿ ಸುಮಾರು 8.2 ಮಿಲಿಗ್ರಾಂ ಇದ್ದರೆ ಇಲ್ಲಿ 6.8ರ ಹತ್ತಿರ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಪಂಪು ನಿಂತರೆ ಅಂತರ ಬೇಗ ತಿಳಿಯುತ್ತದೆ, ಆದ್ದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಸಿದ್ಧವಾಗಿಟ್ಟುಕೊಳ್ಳಿ.

ಈಗ ಮಾಡಬೇಕಾದದ್ದಕ್ಕೆ ಬರುತ್ತೇನೆ. ತೊಟ್ಟಿಯನ್ನು ಹಾಗೆಯೇ ನಡೆಸಿ, ಆದರೆ ಒಂದೇ ಒಂದು ಮೀನನ್ನೂ ಬಿಡಬೇಡಿ. ಈ ಪರೋಪಜೀವಿಗಳಿಗೆ ಮೀನೇ ಆಶ್ರಯ, ಅದು ಸಿಗದಿದ್ದರೆ ಅವು ಕ್ರಮೇಣ ಸಾಯುತ್ತವೆ. ವೆಲ್ವೆಟ್‌ಗೆ ಆರು ವಾರ ಸಾಕೆಂದು ಹೇಳುವುದುಂಟು, ಕ್ರಿಪ್ಟೋಕ್ಯಾರಿಯಾನ್‌ಗೆ 76 ದಿನಗಳೆಂಬುದು ಹವ್ಯಾಸಿಗಳು ಪಾಲಿಸುವ ರೂಢಿ. ಯಾವುದೆಂದು ನಿಮಗೆ ಖಚಿತವಿಲ್ಲದಿರುವಾಗ ದೀರ್ಘವಾದದ್ದನ್ನೇ ಪಾಲಿಸಿ. ಸೀಗಡಿ ಮತ್ತು ಏಡಿಗಳಿಗೆ ಚಿಟಿಕೆಯಷ್ಟು ಮೇವು ಹಾಕುತ್ತಿದ್ದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಗಳೂ ಬದುಕಿರುತ್ತವೆ, ಆರು ವಾರಗಳ ನಿಮ್ಮ ಶ್ರಮ ಉಳಿಯುತ್ತದೆ. ಆ ತೊಟ್ಟಿಗೆ ತಾಮ್ರದ ಔಷಧವನ್ನು ಎಂದೂ ಹಾಕಬೇಡಿ: ಸೀಗಡಿ ಸಾಯುತ್ತದೆ, ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಔಷಧದ ಪ್ರಮಾಣವೂ ನಿಲ್ಲುವುದಿಲ್ಲ.

ಆ ಅವಧಿಯಲ್ಲಿ 50 ಲೀಟರಿನಷ್ಟು ಬರಿಯ ಗಾಜಿನ ತೊಟ್ಟಿಯೊಂದನ್ನು ಸಿದ್ಧಪಡಿಸಿ. ಸ್ಪಂಜಿನ ಶೋಧಕ, ಹೀಟರ್, ಅಡಗಲು ನಾಲ್ಕೈದು ಪಿವಿಸಿ ಪೈಪಿನ ತುಂಡುಗಳು, ಇಷ್ಟೇ ಸಾಕು. ಅದನ್ನು ಮುಖ್ಯ ತೊಟ್ಟಿಯಿಂದ ಕೆಲವು ಮೀಟರ್ ದೂರದಲ್ಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿಡಿ, ಏಕೆಂದರೆ ವೆಲ್ವೆಟ್ ಸಿಡಿಯುವ ಸೂಕ್ಷ್ಮ ಹನಿಗಳ ಮೂಲಕವೂ ದಾಟಬಲ್ಲದು. ಬಲೆ, ಕೊಳವೆ, ಬಕೆಟ್ಟುಗಳು ಎರಡಕ್ಕೂ ಬೇರೆಬೇರೆಯಾಗಿರಲಿ. ಹೊಸ ಮೀನುಗಳನ್ನು ನಾಲ್ಕು ವಾರ ಅಲ್ಲಿಯೇ ಇಟ್ಟು ಗಮನಿಸಿ. ವೆಲ್ವೆಟ್ ಕಂಡರೆ ಅಯಾನು ರೂಪದ ತಾಮ್ರವನ್ನು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮಟ್ಟದಲ್ಲಿ ಕನಿಷ್ಠ ಎರಡು ವಾರ, ಪ್ರತಿದಿನ ಕಿಟ್ಟಿನಿಂದ ಅಳೆಯುತ್ತ ಕಾಯ್ದುಕೊಳ್ಳಬೇಕು. ಬೇರೆ ರೂಪದ ತಾಮ್ರದ ಔಷಧಗಳ ಪ್ರಮಾಣ ಬೇರೆಯಿರುವುದರಿಂದ ಬಾಟಲಿಯ ಸೂಚನೆಯನ್ನೇ ಪಾಲಿಸಿ. ಅಮೋನಿಯಾ ತಗ್ಗಿಸುವ ದ್ರಾವಣಗಳನ್ನು ತಾಮ್ರದ ಜೊತೆಗೆ ಸೇರಿಸಬೇಡಿ, ಕೆಲವು ತಾಮ್ರವನ್ನು ಇನ್ನೂ ವಿಷಕಾರಿಯಾಗಿ ಮಾಡುತ್ತವೆ. ಅಮೋನಿಯಾ ಏರಿದರೆ ನೀರು ಬದಲಾಯಿಸಿ, ತೆಗೆದಷ್ಟು ನೀರಿಗೆ ತಕ್ಕ ತಾಮ್ರವನ್ನು ಮತ್ತೆ ಸೇರಿಸಿ. ಉಪ್ಪಿನಂಶ ಇಳಿಸುವ ಚಿಕಿತ್ಸೆ ಕ್ರಿಪ್ಟೋಕ್ಯಾರಿಯಾನ್‌ಗೆ ಕೆಲಸ ಮಾಡುತ್ತದೆ, ವೆಲ್ವೆಟ್‌ಗೆ ಮಾಡುವುದಿಲ್ಲ.

ಮುಂದೆ ಯಾವುದಾದರೂ ಮೀನು ಸತ್ತರೆ ಅದನ್ನು ಎಸೆಯಬೇಡಿ. ಸತ್ತ ಕೆಲವೇ ಹೊತ್ತಿನಲ್ಲಿ ಕಿವಿರಿನ ಒಂದು ಎಳೆಯನ್ನು ಕತ್ತರಿಸಿ, ಉಪ್ಪುನೀರಿನ ಹನಿಯಲ್ಲಿಟ್ಟು, ಪರಿಚಯದ ಯಾವುದಾದರೂ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ನೂರರಷ್ಟು ಹಿಗ್ಗಿಸಿ ನೋಡಿಸಿ. ವೆಲ್ವೆಟ್ ಇದ್ದರೆ ಎಳೆಗಳ ನಡುವೆ ಕಂದುಬಣ್ಣದ ದುಂಡಾದ ಕೋಶಗಳು ಕದಲದೆ ಕುಳಿತಿರುತ್ತವೆ. ತಜ್ಞರ ಅಭಿಪ್ರಾಯ ಬೇಕಿದ್ದರೆ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಮಹಾವಿದ್ಯಾಲಯವಿದೆ, ಅಲ್ಲಿಯ ಅಧ್ಯಾಪಕರಿಗೆ ಚಿತ್ರ ಸಮೇತ ಬರೆಯಬಹುದು.

ಮೀನು ಕೊಳ್ಳುವಾಗ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಕ್ಲೌನ್ ಮೀನುಗಳನ್ನು ಕೇಳಿ ಪಡೆಯಿರಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿಯೇ ರೂಢಿಗೆ ತಂದಿದ್ದಾರೆ. ಸಮುದ್ರದಿಂದ ಸಯನೈಡ್ ಸಿಂಪಡಿಸಿ ಹಿಡಿದ ಮೀನು ವಾರಗಟ್ಟಲೆ ಚೆನ್ನಾಗಿ ತಿನ್ನುತ್ತಿದ್ದು ಒಂದು ದಿನ ಕಾರಣವಿಲ್ಲದೆ ಸಾಯಬಹುದು, ಅದಕ್ಕೆ ನಿಮ್ಮಲ್ಲಿ ಯಾವ ಔಷಧವೂ ಇರುವುದಿಲ್ಲ. ಅಂಗಡಿಯಲ್ಲಿ ನಿಮ್ಮ ಕಣ್ಣೆದುರು ಮೇವು ಹಾಕಿಸಿ, ಚುರುಕಾಗಿ ಬಂದು ತಿನ್ನುವ, ಬಾಯಿ ಮುಚ್ಚಿ ನಿಧಾನವಾಗಿ ಉಸಿರಾಡುವ ಮೀನನ್ನಷ್ಟೇ ಆರಿಸಿ, ಮತ್ತು ಪಕ್ಕದ ತೊಟ್ಟಿಯಲ್ಲಿ ಸತ್ತ ಮೀನಿದ್ದರೆ ಆ ದಿನ ಬರಿಗೈಯಲ್ಲಿ ಹಿಂತಿರುಗಿ. ಅಲಂಕಾರಕ್ಕೆಂದು ಯಾರಾದರೂ ನಮ್ಮ ಕರಾವಳಿಯ ಗಟ್ಟಿ ಹವಳವನ್ನಾಗಲಿ ಸಮುದ್ರಕುದುರೆಯನ್ನಾಗಲಿ ತೋರಿಸಿದರೆ ಮುಟ್ಟಬೇಡಿ, ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಅಂಗಡಿಯ ನೀರಿನ ಸಾಂದ್ರತೆ, ಮೀನು ಬಿಡಲು ತೆಗೆದುಕೊಂಡ ಸಮಯ, ಕೊನೆಯ ಮೀನುಗಳ ಹತ್ತಿರದ ಚಿತ್ರ, ಇವು ಮೂರನ್ನು ಕೆಳಗೆ ಸೇರಿಸಿದರೆ ಉಪ್ಪಿನ ಆಘಾತವೋ ವೆಲ್ವೆಟ್ಟೋ ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಲು ಪ್ರಯತ್ನಿಸುತ್ತೇನೆ.